ಹದ್ದುಬಸ್ತಿನ ಕಲ್ಲು

“ಬಿರಬಿರ ನಡಿಯಲೇ ಸೂಳೆಮಗನ, ಹೆಣ ಹೊತ್ತಂಗ ಹೊಂಟಾನ ನೋಡು,” ಎಂದು ಕೊಟ್ರಬಸಪ್ಪ ಸಾವುಕಾರ ಕೆಂಚಣ್ಣನ ಕುಂಡಿಗೆ ಒದ್ದ. ಕೆಂಚಣ್ಣ ಮುಗ್ಗರಿಸಿದ, ಆದರೆ ಹೆಗಲ ಮೇಲಿನ ಕಲ್ಲನ್ನು ಬೀಳಗೊಡಲಿಲ್ಲ.

ಅವನ ಹಿಂದೆಯೇ ತಲೆಯ ಮೇಲೆ ಸಿಂಬಿ ಇಟ್ಟು ಇನ್ನೊಂದು ಕಲ್ಲು ಹೊತ್ತು ಬರುತ್ತಿದ್ದ ಹೆಂಡತಿ ಮೂಕಮ್ಮ ಅದನ್ನು ನೋಡಿಯೂ ನೋಡದ ಹಾಗೆ ನಡೆದಳು. ಒದೆ ಹೊಸದಲ್ಲ. ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಹೊಲದ ಹದ್ದು ಗಟ್ಟಿಯಾಗುತ್ತದೆ ಎಂಬುದು ಅವಳ ಲೆಕ್ಕ.

ಕುರುಗೋಡಿನ ರಸ್ತೆಗೆ ಹತ್ತಿಕೊಂಡಿದ್ದ ಆ ಎರಡೆಕರೆ, ಸರಕಾರ ಮಾದರ ಕೇರಿಯ ಕೆಂಚಣ್ಣನ ಅಪ್ಪನಿಗೆ ಕೊಟ್ಟದ್ದು. ಅಲ್ಲಿ ಮೂಕಮ್ಮ ಮೆಣಸಿನಗಿಡ ಹಚ್ಚಿದ್ದಳು. ಚೀನಾದವರಿಗೆ ನಮ್ಮ ಗುಡ್ಡದ ಮಣ್ಣಿನ ಹಸಿವು ಹತ್ತಿದ ವರ್ಷಗಳವು. ಪಕ್ಕದ ಹೊಲದಲ್ಲಿ ಸಾವುಕಾರ ಅದಿರು ಒಟ್ಟುವ ಯಾರ್ಡು ಮಾಡಿದ. ಲಾರಿಗಳ ಕೆಂಪು ದೂಳಿಗೆ ಮೆಣಸಿನ ಹೂವು ಉದುರಿದವು. ಯಾರ್ಡು ದಿನಕ್ಕಿಷ್ಟು ಬದುವಿನ ಕಡೆ ತೆವಳಿತು. ಹೊಲ ಅಳೆದು ಕಲ್ಲು ನೆಟ್ಟುಕೊಡಿ ಸ್ವಾಮಿ ಅಂತ ಕೆಂಚಣ್ಣ ಬಳ್ಳಾರಿಯ ಕಚೇರಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದ.

ಅಂಥಾದ್ದರಲ್ಲಿ ಸಾವುಕಾರನೇ ಕೇರಿಯ ಬಾಯಿಗೆ ಬಂದು ಕರೆದಿದ್ದ. ಯಾರ್ಡಿನ ಗಡಿ ಅಳೆದು ಹದ್ದುಬಸ್ತು ಮಾಡುವುದಕ್ಕೆ ಸರ್ವೇ ಸಾಹೇಬರು ಬರುತ್ತಾರೆ, ಕಲ್ಲು ಹೊರುವುದಕ್ಕೆ ಬನ್ನಿ, ಅದರಲ್ಲೇ ನಿಮ್ಮ ಹದ್ದೂ ಗೊತ್ತಾಗುತ್ತದೆ ಅಂದ. ಕೂಲಿಗೆ ಕೂಲಿಯೂ ಆಯಿತು ಅಂತ ಗಂಡ ಹೆಂಡತಿ ಖುಷಿಯಿಂದಲೇ ಬಂದರು, ಪಾಪ. ತಮ್ಮ ಕೊರಳಿಗೆ ಬೀಳುವ ಕಲ್ಲನ್ನು ತಾವೇ ಹೊತ್ತರು.

ಮೊದಲಿನ ಎರಡು ಕಲ್ಲು ರಸ್ತೆಯ ದಂಡೆಗೆ ಬಿದ್ದವು. ಅನುಮಾನ ಬರಲಿಲ್ಲ. ಕಲ್ಲು ಗುಂಡಿಗಿಳಿದ ಮೇಲೆ ಗುಡಿಯ ಅಯ್ಯನವರು ಮುಂದೆ ಬಂದು ವಿಭೂತಿ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆಯುತ್ತಿದ್ದರು. ಆ ಸೀಮೆಯಲ್ಲಿ ಅದೇ ರೂಢಿ. ಪೂಜೆಯಾದ ಕಲ್ಲನ್ನು ಯಾರೂ ಕೀಳುವಂತಿಲ್ಲ, ಕೇರಿಯವರಂತೂ ಮುಟ್ಟುವಂತಿಲ್ಲ. ಗೊತ್ತಿಲ್ಲದೆ ಮೂಕಮ್ಮನ ಸೆರಗು ಎರಡನೆಯ ಕಲ್ಲಿಗೆ ತಾಗಿತು. ಸಾವುಕಾರನ ಆಳು ಎರ್ರಣ್ಣ ಅವಳ ಕಪಾಳಕ್ಕೆ ಬಾರಿಸಿ ದೂರ ನಿಲ್ಲಿಸಿದ. ಈಗಷ್ಟೇ ಅವಳ ನೆತ್ತಿಯ ಮೇಲಿದ್ದ ಕಲ್ಲು ನೋಡನೋಡುತ್ತಲೇ ದೇವರಾಗಿಬಿಟ್ಟಿತ್ತು.

ಆಮೇಲೆ ಸಾಹೇಬರ ಅಳತೆಯ ಸರಪಳಿ ಮೆಣಸಿನ ಹೊಲದೊಳಗೆ ಹೊಕ್ಕಿತು. ಗಿಡಗಳನ್ನು ನೆಲಕ್ಕೆ ಒರಗಿಸುತ್ತ ನಟ್ಟನಡುವಿಗೆ ಹೋಗಿ ನಿಂತಿತು. ಇಲ್ಲೇ ಮೂರನೆಯದು ಅಂದರು ಸಾಹೇಬರು. ಎರ್ರಣ್ಣ ಗಡಾರಿಯಿಂದ ಗುಂಡಿ ತೋಡಿದ. ಒಂದೆಕರೆಗಿಂತ ಹೆಚ್ಚು ನೆಲ ಯಾರ್ಡಿನ ಪಾಲಿಗೆ ಹೋಗಿತ್ತು.

“ಸಾರ್, ಇದು ನಮ್ಮ ಹೊಲ ರೀ. ನಮ್ಮ ಹದ್ದು ಅಲ್ಲಿ ಹಳ್ಳದ ದಂಡಿಗೆ ಐತ್ರಿ,” ಅಂದ ಕೆಂಚಣ್ಣ.

ಸಾಹೇಬರು ನಕಾಶೆಯಿಂದ ತಲೆ ಎತ್ತದೆ, ತಕರಾರಿದ್ದರೆ ಬಳ್ಳಾರಿಗೆ ಬಂದು ಅರ್ಜಿ ಕೊಡು ಅಂದರು. ಅರ್ಜಿ ಕೊಟ್ಟು ಕೊಟ್ಟು ಸಾಕಾದವನು ಇನ್ನೇನು ಮಾಡಿಯಾನು? ಗುಂಡಿಯ ಪಕ್ಕ ಬೋರಲು ಬಿದ್ದು ಅದರ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ.

ಸಾವುಕಾರ ಮೊದಲು ನಕ್ಕ. ಆಮೇಲೆ ಕಲ್ಲನ್ನು ಗುಂಡಿಯ ಮೇಲೆ ಎತ್ತಿ ಹಿಡಿದಿದ್ದ ಎರ್ರಣ್ಣನಿಗೆ, “ಬಿಡಲೇ ಕಲ್ಲು,” ಅಂದ.

ಎರ್ರಣ್ಣ ಒಮ್ಮೆ ಸಾವುಕಾರನ ಮುಖ ನೋಡಿ ಕೈಬಿಟ್ಟ. ಕಲ್ಲು ಕೆಂಚಣ್ಣನ ಬಲಗೈಯನ್ನು ಅರೆದುಕೊಂಡೇ ಗುಂಡಿಗಿಳಿಯಿತು. ಎಲುಬು ಮುರಿದ ಸದ್ದು ಮೂಕಮ್ಮನಿಗೆ ನಿಚ್ಚಳವಾಗಿ ಕೇಳಿತು. ಅವನು ಕೂಗಿದ ಕೂಗಿಗೆ ಯಾರ್ಡಿನ ಲಾರಿಯವರು ಕೆಳಗಿಳಿದು ನೋಡಿದರು. ಹೊರಗೆಳೆದ ಕೈಯಲ್ಲಿ ಎರಡು ಬೆರಳು ತೊಗಲಿಗೆ ಜೋತಾಡುತ್ತಿದ್ದವು. ಕಲ್ಲಿನ ಮೈಯೆಲ್ಲ ರಕ್ತವಾಗಿತ್ತು.

ಅಯ್ಯನವರು ತಟ್ಟೆ ಹಿಂದಕ್ಕೆ ಎಳೆದುಕೊಂಡರು. ಮಾದರ ರಕ್ತ ಹತ್ತಿದ ಕಲ್ಲಿಗೆ ಪೂಜೆ ಮಾಡಲಾರೆ, ಅದನ್ನು ಮುಟ್ಟಿದವನು ನಾಳೆ ಗುಡಿಯ ಕಟ್ಟೆ ಹತ್ತುವಂತಿಲ್ಲ ಅಂದರು. ಮೀನಖಂಡಕ್ಕೆ ರಕ್ತ ಸಿಡಿದಿದ್ದ ಎರ್ರಣ್ಣ ಎರಡು ಹೆಜ್ಜೆ ಹಿಂದೆ ಸರಿದ.

“ಏ ಬೋಸುಡಿ, ತೊಳಿಯೇ ಅದನ್ನ,” ಎಂದು ಸಾವುಕಾರ ನೀರಿನ ಕೊಡವನ್ನು ಮೂಕಮ್ಮನ ಕಡೆ ಒದ್ದ.

ಉರುಳಿಬಂದ ಕೊಡದಲ್ಲಿ ಉಳಿದಷ್ಟು ನೀರನ್ನು ಅವಳು ಗಂಡನ ಬಾಯಿಗೆ ಹಾಕಿದಳು. ಸೆರಗು ಹರಿದು ಅವನ ಕೈಗೆ ಸುತ್ತಿದಳು. ಎದ್ದವಳೇ ಎರ್ರಣ್ಣ ಬಿಸಾಕಿದ್ದ ಗಡಾರಿ ಎತ್ತಿ, ರಕ್ತದ ಕಲ್ಲಿನ ಬುಡಕ್ಕೆ ಹಾಕಿ ಮೀಟಿದಳು.

ಹಿಡೀರಲೇ ಅವಳನ್ನು ಎಂದು ಸಾವುಕಾರ ಚೀರಿದ. ಆಳುಗಳು ಅಯ್ಯನವರ ಮುಖ ನೋಡಿದರು. ರಕ್ತ ಹತ್ತಿದ ಅವಳನ್ನು ಮುಟ್ಟಿದರೆ ತಮಗೂ ಗುಡಿ ತಪ್ಪೀತೆಂದು ಯಾರೂ ಕದಲಲಿಲ್ಲ. ಆಗ ಅವನೇ ನೆಲದ ಮೇಲಿದ್ದ ಅಳತೆಯ ಸರಪಳಿಯನ್ನು ಮಡಚಿ ಅವಳ ಬೆನ್ನಿಗೆ ಬೀಸಿದ. ಕುಪ್ಪಸ ಹರಿದು ತೊಗಲು ಎದ್ದಿತು. ಇನ್ನೊಂದು ಏಟು ಕಿವಿಗೆ ಬಿತ್ತು. ಸರಪಳಿ ಹಾಳಾಗುತ್ತದೆ, ಅದು ಸರಕಾರದ್ದು ಎಂದು ಸಾಹೇಬರು ಗೊಣಗಿದರು. ಅಷ್ಟರಲ್ಲಿ ಕಲ್ಲು ಮೇಲೆ ಬಂದು ಅಡ್ಡಬಿತ್ತು.

“ನಿಮ್ಮ ಮಂದಿಯೊಳಗ ಯಾವನರ ಮುಟ್ಟಿ ನೆಡ್ರಿ, ನೋಡ್ತೀನಿ,” ಅಂದಳು ಮೂಕಮ್ಮ.

ಗಡಾರಿ ಎಳೆದುಕೊಂಡು ರಸ್ತೆಯ ಕಡೆ ನಡೆದಳು. ಎರಡನೆಯ ಕಲ್ಲಿನ ವಿಭೂತಿ ಇನ್ನೂ ಹಸಿಯಾಗಿತ್ತು. ಗಂಡನ ರಕ್ತ ಹತ್ತಿದ ಅಂಗೈಯನ್ನು ಅದರ ಮೇಲಿಟ್ಟು ಮೇಲಿನಿಂದ ಕೆಳಗಿನವರೆಗೆ ಬಳಿದಳು. ಅಯ್ಯನವರು ಶಿವಶಿವಾ ಎಂದು ಕಣ್ಣು ಮುಚ್ಚಿದರು. ಅವಳು ಗಡಾರಿ ಎತ್ತಿ ಬುಡಕ್ಕೆ ಚುಚ್ಚಿದಳು.

ಸಾವುಕಾರ ಯಾರ್ಡಿನ ಕಡೆ ಕೈಬೀಸಿ ಜೆಸಿಬಿ ಕರೆದ. ಯಂತ್ರಕ್ಕೆ ಮೈಲಿಗೆ ಇಲ್ಲವಲ್ಲ. ಅದನ್ನು ಓಡಿಸುವ ನದೀಮ್ ಕುರುಗೋಡಿನವನು. ಅವನ ತಾಯಿ ಫಕೀರಬಿ ಮೂಕಮ್ಮನ ಜೊತೆ ಮೆಣಸಿನಕಾಯಿ ಬಿಡಿಸಿದವಳು. ಆದರೂ ಚಾವಿ ತಿರುಗಿಸಿದ. ಜೆಸಿಬಿ ಗಿಡಗಳನ್ನು ತುಳಿಯುತ್ತ ಬಂದು, ಮುಂದಿನ ಬಕೆಟ್ಟನ್ನು ಅವಳ ನೆತ್ತಿಯ ಮಟ್ಟಕ್ಕೆ ಎತ್ತಿ ನಿಂತಿತು.

“ಸರಕೋಬೇ ಮೂಕಕ್ಕಾ, ನನ್ನ ಕೈಯಾಗ ಏನಿಲ್ಲ,” ಅಂದ ನದೀಮ್.

ಹಿಂದಿನಿಂದ ಸಾವುಕಾರ, ಹತ್ತಿಸಲೇ ಅವಳ ಮೇಲೆ, ಏನಾಗುತ್ತೋ ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದ. ಮೂಕಮ್ಮ ತಿರುಗಿ ನೋಡಲಿಲ್ಲ. ಕಿವಿಯಿಂದ ಇಳಿದ ರಕ್ತವನ್ನು ಭುಜಕ್ಕೆ ಒರೆಸಿಕೊಂಡು, ಮೈಭಾರವನ್ನೆಲ್ಲ ಗಡಾರಿಯ ಮೇಲೆ ಹಾಕಿದಳು. ಕಲ್ಲು ಅಲುಗಿತು.