ಮಾದೇವಕ್ಕ ಆರಿಸಿದ ಮೀನು

ನಾನು ಒಂದು ಮೀನು. ಓದಿದವರು ನಮ್ಮನ್ನು ಮೊಲಮೀನು ಎನ್ನುತ್ತಾರಂತೆ. ಬಾಯಿ ಮೊಲದ ಬಾಯಿಯ ಹಾಗಿದೆ, ಮೇಯುವುದೂ ಮೊಲದ ಹಾಗೆಯೇ. ಕಡಲಿನಲ್ಲಿ ಒಂದನ್ನೊಂದು ತಿಂದು ಬದುಕುವವರೇ ಹೆಚ್ಚು. ನಾವು ಪಾಚಿ ತಿಂದು ಬದುಕುವವರು. ಬೆನ್ನಿನ ಮೇಲೆ ಮುಳ್ಳುಗಳ ಸಾಲಿದೆ, ಮುಳ್ಳಿನಲ್ಲಿ ವಿಷವಿದೆ. ಅದೊಂದನ್ನು ಬಿಟ್ಟರೆ ಯಾರಿಗೂ ಕೇಡು ಮಾಡದ ಜಾತಿ ನಮ್ಮದು ಎಂದು ಬಹಳ ದಿನ ನಂಬಿದ್ದೆ.

ಹುಟ್ಟಿದ ಜಾಗ ನನಗೆ ಗೊತ್ತಿಲ್ಲ. ಮೀನಿಗೆ ತವರು ಎನ್ನುವುದು ಇರುವುದಿಲ್ಲ. ನೀರೇ ಹೊತ್ತು ತಂದು ಒಂದು ದಿನ ಹೊಳೆ ಕಡಲು ಸೇರುವ ಅಳಿವೆಯ ಆಚೆಗಿನ ಬಂಡೆಗಳ ಹತ್ತಿರ ಬಿಟ್ಟಿತು. ನನ್ನ ನೆನಪು ಶುರುವಾಗುವುದು ಅಲ್ಲಿಂದ. ಮಳೆಗಾಲ ಮುಗಿದು ನೀರು ತಿಳಿಯಾಗುವ ಹೊತ್ತಿಗೆ ಆ ಬಂಡೆಗಳಿಗೆಲ್ಲ ಹಸಿರು ಹಿಡಿಯುತ್ತದೆ. ನಾವು ನೂರಾರು ಮರಿಗಳು ಹಿಂಡು ಕಟ್ಟಿಕೊಂಡು ಬೆಳಿಗ್ಗೆಯಿಂದ ಸಂಜೆಯ ತನಕ ಮೇಯುತ್ತಿದ್ದೆವು. ಒಂದು ಬಂಡೆ ಬೋಳಾದರೆ ಇನ್ನೊಂದು. ಇನ್ನೊಂದು ಬೋಳಾಗುವಷ್ಟರಲ್ಲಿ ಮೊದಲಿನದು ಚಿಗುರಿರುತ್ತಿತ್ತು. ಮೇವು ಮುಗಿಯುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಒಂದು ದಿನ ಕಡಲಿನ ಇಳಿತದ ಹೊತ್ತಿನಲ್ಲಿ ಬಂಡೆಯ ನಡುವಿನ ಗುಂಡಿಯೊಂದರಲ್ಲಿ ನಾನು ಸಿಕ್ಕಿಕೊಂಡೆ. ಹಿಂಡು ಆಚೆ ಹೋಗಿತ್ತು. ಆಗ ಮೊಣಕಾಲು ಮಡಚಿ ಕೂತು, ಸೊಳ್ಳೆಪರದೆಯ ಬಟ್ಟೆಯಿಂದ ಹೊಲಿದ ಸಣ್ಣ ಬಲೆಯಲ್ಲಿ ನನ್ನನ್ನು ಎತ್ತಿದವನು ಜಟ್ಟಪ್ಪ ಅಂಬಿಗ. ಆಗ ನಾನು ಎರಡು ಬೆರಳಿನಷ್ಟು ಉದ್ದವಿದ್ದೆ.

ಜಟ್ಟಪ್ಪ ಪೇಟೆಯ ಕಾಲೇಜಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಕಡಲಿನ ಜೀವಿಗಳನ್ನು ಸಾಕುವ ಗಾಜಿನ ತೊಟ್ಟಿಗಳಿದ್ದವು. ಅವುಗಳ ನೀರು ಬದಲಿಸುವುದು, ಗಾಜು ಉಜ್ಜುವುದು ಅವನ ಪಾಲಿನ ಕೆಲಸ. ಅವನ ಮನೆಯಲ್ಲಿದ್ದವಳು ಅಕ್ಕ ಮಾದೇವಿ. ತಾಯಿಯಿಲ್ಲದ ತಮ್ಮನನ್ನು ಮೀನುಬುಟ್ಟಿ ಹೊತ್ತು ಸಾಕಿದವಳು. ಇಳಿತ ದೊಡ್ಡದಿದ್ದ ದಿನ ಬುಟ್ಟಿ ಬಿಟ್ಟು ಬಂಡೆಗೆ ಹೋಗಿ ಚಿಪ್ಪಿ ಕೀಳುತ್ತಿದ್ದಳಂತೆ. ಅಲ್ಲೇ ಒಂದು ದಿನ ಚಿಪ್ಪಿ ಅಂಗಾಲು ಕೊಯ್ಯಿತು. ಮೈಯಲ್ಲಿ ಸಕ್ಕರೆಯಿತ್ತು, ಗಾಯ ಮಾಯಲಿಲ್ಲ. ಕೊನೆಗೆ ಆಸ್ಪತ್ರೆಯವರು ಬಲಗಾಲಿನ ಪಾದ ತೆಗೆದರು. ಕಡಲು ಕೂಗಳತೆಯಲ್ಲಿದ್ದರೂ ಅವಳು ಎರಡು ವರ್ಷದಿಂದ ಅದನ್ನು ನೋಡಿರಲಿಲ್ಲ.

ಅದಕ್ಕೇ ತಮ್ಮ ಅವಳ ಮಂಚದ ಪಕ್ಕದಲ್ಲಿ ಎರಡಡಿ ಉದ್ದದ ತೊಟ್ಟಿಯಿಟ್ಟು ಕೊಡದಲ್ಲಿ ಸಮುದ್ರದ ನೀರು ಹೊತ್ತು ತುಂಬಿಸಿದ. ಕಾಲೇಜಿನ ಹಳೆಯ ತೊಟ್ಟಿಯೊಂದನ್ನು ಒಡೆಯುವಾಗ ಹೊರಗಿಟ್ಟ ಕಲ್ಲನ್ನು ಅಲ್ಲಿ ಪಾಠ ಹೇಳುವ ಮೇಡಮ್ಮನವರಲ್ಲಿ ಕೇಳಿ ತಂದಿಟ್ಟ. ಆ ಕಲ್ಲಿನ ಮೇಲೆ ಅಂಗಿಯ ಗುಂಡಿಯಷ್ಟು ಅಗಲದ ಹಸಿರು ಹೂವುಗಳಿದ್ದವು. ನಿಜವಾಗಿ ಅವು ಹೂವಲ್ಲ, ಜೀವಗಳು. ಬೆಳಕು ಬಿದ್ದರೆ ಅರಳುತ್ತವೆ, ಮುಟ್ಟಿದರೆ ಮುಚ್ಚಿಕೊಳ್ಳುತ್ತವೆ. ಮೂವತ್ತೆರಡು ಇದ್ದವು. ಮಾದೇವಕ್ಕ ಬೆಳಿಗ್ಗೆ ಎದ್ದವಳು ಮೊದಲು ಅವುಗಳ ಕಡೆ ತಿರುಗುತ್ತಿದ್ದಳು. ಆಮೇಲೆ ಕಲ್ಲಿಗೆ ಪಾಚಿ ಹಿಡಿಯತೊಡಗಿತು. ಗಡ್ಡದ ಹಾಗೆ ಬೆಳೆದು ಹೂವುಗಳನ್ನು ಮುಚ್ಚುತ್ತ ಬಂತು. ಪಾಚಿ ತಿನ್ನುವ ಒಂದು ಮೀನು ಬೇಕಾಯಿತು.

ಜಟ್ಟಪ್ಪನ ಬಕೆಟ್ಟಿನಲ್ಲಿ ಆ ದಿನ ನಾವಿಬ್ಬರಿದ್ದೆವು. ಇನ್ನೊಬ್ಬ ಬಂಡೆಯ ಬಿರುಕಿನಲ್ಲಿ ಇರುವವನು. ಬೆರಳುದ್ದ, ಕೆಸರಿನ ಬಣ್ಣ, ಉಬ್ಬಿದ ಕಣ್ಣು, ತಲೆಯ ಮೇಲೆ ಎರಡು ಎಳೆ ಕುಚ್ಚು. ಅವನೂ ಪಾಚಿ ತಿನ್ನುವವನೇ. ಬೆಳೆದರೂ ಇನ್ನೊಂದು ಬೆರಳಿನಷ್ಟು ಬೆಳೆದಾನು. ಅಲೆಯುವ ಆಸೆ ಅವನಿಗಿಲ್ಲ, ಒಂದು ಕಲ್ಲು ಸಿಕ್ಕರೆ ಆಯುಷ್ಯವೆಲ್ಲ ಅದರ ಮೇಲೆಯೇ ಕಳೆದುಬಿಡುತ್ತಾನೆ. ಸಣ್ಣ ತೊಟ್ಟಿಗೆ ಅಂಥವನೇ ಸರಿ, ಮೀನು ಆರಿಸುವ ಮೊದಲು ತೊಟ್ಟಿ ಅಳೆಯಬೇಕು ಎಂದು ಮೇಡಮ್ಮ ಹುಡುಗರಿಗೆ ಹೇಳುವುದನ್ನು ಜಟ್ಟಪ್ಪ ಗಾಜು ಉಜ್ಜುತ್ತ ವರ್ಷ ವರ್ಷವೂ ಕೇಳಿದ್ದ. ಆದರೂ ಬಕೆಟ್ಟನ್ನು ಅಕ್ಕನ ಮುಂದಿಟ್ಟು, ನೀನೇ ಆರಿಸು ಎಂದ.

ಮಾದೇವಕ್ಕ ಬಗ್ಗಿ ನೋಡಿದಳು. ಬಿರುಕಿನವನನ್ನು ನೋಡಿ ನಕ್ಕಳು.

"ಇದೆಂತದು ತಮಾ? ಬೆಕ್ಕೂ ಮೂಸೂದಿಲ್ಲ ಇದ್ನ."

ಆಮೇಲೆ ನನ್ನನ್ನು ನೋಡಿದಳು. ಕಣ್ಣು ಹೊಳೆಯುತ್ತದೆಯೋ, ಬೆನ್ನು ದಪ್ಪವಿದೆಯೋ, ಮೈ ಬಿಗಿಯಿದೆಯೋ ಎಂದು ಬುಟ್ಟಿಯ ಮೀನು ನೋಡುವ ಹಾಗೆ ನೋಡಿದಳು. ಬಕೆಟ್ಟಿನ ಗೋಡೆಗೆ ಬಾಯಿ ಹಚ್ಚಿ ನಾನು ಮೇಯುವುದನ್ನು ಕಂಡು ಇದೇ ಇರಲಿ ಎಂದಳು. ಸಾರು ಮಾಡುವ ಮೀನನ್ನು ಆರಿಸುವುದರಲ್ಲಿ ಅವಳು ಯಾವತ್ತೂ ತಪ್ಪಿದವಳಲ್ಲ. ಇದೂ ಅದೇ ಲೆಕ್ಕ ಎಂದುಕೊಂಡಳು. ಜಟ್ಟಪ್ಪ ಏನೋ ಹೇಳಹೊರಟ.

"ಮೂವತ್ತು ವರ್ಷ ಮೀನು ಮಾರ್ದವ್ಳಿಗೆ ಮೀನು ಆರ್ಸೂಕೆ ಕಲಿಸ್ತೆಯಾ?" ಎಂದು ಅವಳು ನಗುತ್ತಲೇ ಕೇಳಿದಳು. ಅಷ್ಟು ನಕ್ಕಿದ್ದನ್ನು ಅವನು ಬಹಳ ದಿನದಿಂದ ಕಂಡಿರಲಿಲ್ಲವೇನೋ. ಬಾಯಿ ಮುಚ್ಚಿಕೊಂಡ. ಬಿರುಕಿನವನು ಬಂದ ಬಂಡೆಗೇ ಹಿಂದಿರುಗಿದ. ನಾನು ಉಳಿದೆ.

ಮೊದಲ ತಿಂಗಳು ಚೆನ್ನಾಗಿತ್ತು. ಹದಿನೈದು ದಿನದಲ್ಲಿ ಕಲ್ಲಿನ ಗಡ್ಡವನ್ನೆಲ್ಲ ಬೋಳಿಸಿದೆ. ಹೂವುಗಳೆಲ್ಲ ಅರಳಿದವು. ಕೇರಿಯ ಹೆಂಗಸರು ಬಂದು ನೋಡಿ, ಮಾದೇವಕ್ಕ, ನಿನ್ನ ಮೀನಿಗೆ ತಿಂಗಳ ಸಂಬಳ ಕೊಡಬೇಕು ಎಂದು ತಮಾಷೆ ಮಾಡಿದರು. ಅವಳು ನಾನು ಮೇಯುವುದನ್ನು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದಳು. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

ಆಮೇಲೆ ಮೇವು ಮುಗಿಯಿತು. ನಾನು ಬೆಳೆಯುತ್ತಿದ್ದೆ, ತೊಟ್ಟಿ ಬೆಳೆಯಲಿಲ್ಲ. ನಾಲ್ಕು ಬಾರಿ ಬಾಲ ಬೀಸಿದರೆ ಗಾಜು ತಾಗುತ್ತಿತ್ತು, ತಿರುಗಿ ನಾಲ್ಕು ಬಾರಿ ಬೀಸಿದರೆ ಮತ್ತೆ ಗಾಜು. ಮಾದೇವಕ್ಕ ಹಿತ್ತಲಿನ ಬಸಳೆ ಎಲೆಯನ್ನು ಬಿಸಿನೀರಿನಲ್ಲಿ ಅದ್ದಿ, ಕಲ್ಲಿಗೆ ದಾರದಲ್ಲಿ ಕಟ್ಟಿ ಇಳಿಬಿಡುತ್ತಿದ್ದಳು. ತಿನ್ನುತ್ತಿದ್ದೆ. ಆದರೆ ದಿನವಿಡೀ ಮೇಯಲೆಂದೇ ಹುಟ್ಟಿದ ಬಾಯಿಗೆ ಎರಡು ಎಲೆ ಯಾವ ಮೂಲೆಗೆ?

ಒಂದು ಹೂವಿನ ಅಂಚಿನಲ್ಲಿ ಚೂರು ಪಾಚಿ ಉಳಿದಿತ್ತು. ಅದನ್ನು ಕಚ್ಚಿದೆ. ಪಾಚಿಯ ಜೊತೆಗೆ ಹೂವಿನ ಅಂಚೂ ಬಾಯಿಗೆ ಬಂತು. ರುಚಿಯಾಗಿತ್ತು. ಮುಚ್ಚಿಡುವುದೇನಿದೆ, ಮರುದಿನ ಪಾಚಿಯ ನೆಪವೂ ಬೇಕಾಗಲಿಲ್ಲ.

ಮಾದೇವಕ್ಕ ದಿನವೂ ಎಣಿಸುವವಳು. ಮೂವತ್ತು ಆಯಿತು, ಇಪ್ಪತ್ತಾರು ಆಯಿತು. ನೀರು ಸರಿಯಿಲ್ಲ ಎಂದು ತಮ್ಮನನ್ನು ಬೈದಳು. ಅಳಿವೆಯ ಹತ್ತಿರದ ಸಪ್ಪೆ ನೀರು ತಂದು ನನ್ನ ಹೂವು ಕೊಲ್ಲುತ್ತಿದ್ದೀಯ ಎಂದಳು. ಅವನು ಎದುರಾಡದೆ ಇನ್ನೂ ದೂರ ನಡೆದು ಬಂಡೆಯಾಚೆಯ ನೀರು ಹೊತ್ತು ತಂದ. ಕೊಡ ಬಗ್ಗಿಸುವಾಗ ಅವನು ನನ್ನ ಕಡೆ ಒಂದು ಸಲ ನೋಡಿದ. ಗೊತ್ತಿರುವವನ ನೋಟ ಅದು. ಆವತ್ತೂ ಏನೂ ಹೇಳಲಿಲ್ಲ.

ಹನ್ನೊಂದು ಹೂವು ಉಳಿದಿದ್ದಾಗ ನಾನು ಕಚ್ಚುವುದನ್ನು ಅವಳೇ ಕಂಡಳು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಕೂತು, ಕುಪ್ಪಸದ ತೋಳು ಸರಿಸಿ, ಆ ಕಲ್ಲನ್ನಾದರೂ ಉಳಿಸಿಕೊಳ್ಳುವ ಎಂದು ನೀರಿಗೆ ಕೈ ಇಳಿಸಿದಳು. ಮೀನಿನ ಮುಳ್ಳಿಗೆ ಅಂಜುವ ಕೈಯಲ್ಲ ಅದು. ಆದರೆ ಕಲ್ಲು ಮೇಲೇಳುತ್ತಲೇ ನನಗೆ ಇದ್ದೊಂದು ಮರೆಯೂ ಹೋಯಿತು. ಗಾಜಿನ ಮೂಲೆಗೆ ಒತ್ತಿಕೊಂಡೆ, ಕೈ ಹತ್ತಿರ ಬಂತು, ಹೆದರಿ ಮುಳ್ಳು ಎತ್ತಿದೆ. ಎರಡು ಮುಳ್ಳು ಅವಳ ಅಂಗೈಗೆ ಇಳಿದವು. ಬಸಳೆ ಕಟ್ಟುತ್ತಿದ್ದ ಕೈಯೇ ಅದು.

ಅವಳು ಕೂಗಲಿಲ್ಲ. ಕಲ್ಲನ್ನೂ ಬಿಡಲಿಲ್ಲ. ಪಕ್ಕದಲ್ಲಿ ಸಮುದ್ರದ ನೀರು ತುಂಬಿಟ್ಟ ಪಾತ್ರೆಗೆ ಇಟ್ಟೇ ತಮ್ಮನನ್ನು ಕರೆದಳು. ಭಾನುವಾರವಾದ್ದರಿಂದ ಅವನು ಮನೆಯಲ್ಲಿದ್ದ. ಓಡಿ ಬಂದು, ಮುಳ್ಳಿನ ವಿಷ ಇಳಿಯಲೆಂದು ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಅವಳ ಕೈ ಇರಿಸಿದ. ಕೈ ಬಾತುಕೊಳ್ಳುತ್ತಿತ್ತು. ಸಕ್ಕರೆಯ ಮೈ, ಕಾಲಿನ ಹಾಗೆ ಇದೂ ಆದರೆ ಎನ್ನುವ ಹೆದರಿಕೆ ಅವನಿಗೆ. ಈಗಲೇ ಡಾಕ್ಟರ ಹತ್ತಿರ ಹೋಗುವ, ಈ ಮೀನನ್ನು ಇವತ್ತೇ ಕೊಂದುಹಾಕುತ್ತೇನೆ ಎಂದ.

"ಅದ್ರ ಮೇಲೆ ಎಂತಕ್ಕೆ ಸಿಟ್ಟು? ಆರ್ಸಿದ್ದು ನಾ," ಎಂದಳು ಮಾದೇವಕ್ಕ.

ಜಟ್ಟಪ್ಪ ನೆಲ ನೋಡುತ್ತ ಹೇಳಿದ: "ನಂಗೆ ಆವತ್ತೇ ಗೊತ್ತಿತ್ತು ಅಕ್ಕ. ಆ ಸಣ್ಣ ಮೀನೇ ಸಾಕಾಗ್ತಿತ್ತು."

ಅವಳು ಬಿಸಿನೀರಿನಲ್ಲಿ ಕೈಯನ್ನು ಮಗುಚಿ ಇಟ್ಟಳು.

"ಕಾಲು ಕಪ್ಪಾಗಿದ್ದೂ ನಿಂಗೇ ಮೊದ್ಲು ಕಂಡಿತ್ತು. ಅಕ್ಕ ಹೆದರ್ತಾಳೆ ಅಂತ ನಾಕು ದಿನ ಹೇಳ್ಲಿಲ್ಲ," ಎಂದಳು ಆಮೇಲೆ. "ನನ್ನ ಕಾಲು ಹೋಯ್ತು ತಮಾ. ಬುದ್ಧಿನೂ ಹೋಯ್ತು ಅಂದ್ಕಂಡ್ಯಾ?"

ಅವನ ಕಣ್ಣೀರು ಬಿಸಿನೀರಿನ ಪಾತ್ರೆಗೆ ಬಿತ್ತು. ಅವಳು ಇನ್ನೊಂದು ಕೈಯಿಂದ ಅವನ ತಲೆ ಮುಟ್ಟಲಿಲ್ಲ, ಬೈಯಲೂ ಇಲ್ಲ. ಇಬ್ಬರೂ ರಿಕ್ಷಾ ಹತ್ತಿ ಡಾಕ್ಟರ ಹತ್ತಿರ ಹೋದರು.

ಕೈ ಎಂಟು ದಿನದಲ್ಲಿ ಇಳಿಯಿತು. ಹೂವುಗಳು ಉಳಿಯಲಿಲ್ಲ. ಗಡಿಬಿಡಿಯಲ್ಲಿ ಮರೆತುಹೋದ ಕಲ್ಲಿನ ಪಾತ್ರೆಯ ನೀರು ಬಿಸಿಲಿಗೆ ಕಾದು, ಹನ್ನೊಂದೂ ಒಂದೊಂದಾಗಿ ಕರಗಿದವು. ನನ್ನನ್ನು ಬಕೆಟ್ಟಿನಲ್ಲಿ ಕಾಲೇಜಿಗೆ ತಂದು ಈ ದೊಡ್ಡ ತೊಟ್ಟಿಗೆ ಬಿಟ್ಟರು. ಇದು ಒಂದು ಕೋಣೆಯಷ್ಟು ಅಗಲವಿದೆ. ಹೂವಿನ ಕಲ್ಲು ಇಲ್ಲಿಲ್ಲ, ಬೇಕೆಂದೇ ಇಟ್ಟಿಲ್ಲ.

ಆಮೇಲಿನ ಸುದ್ದಿ ಜಟ್ಟಪ್ಪ ಗಾಜು ಉಜ್ಜುತ್ತ ಜೊತೆಯವನಿಗೆ ಹೇಳಿದ್ದು. ಇನ್ನೊಂದು ಹೂವಿನ ಕಲ್ಲು ತರಲೇ ಎಂದು ಅಕ್ಕನನ್ನು ಕೇಳಿದನಂತೆ. ಕಲ್ಲು ಬೇಡ, ನನ್ನನ್ನೇ ಬಂಡೆಗೆ ಕರೆದುಕೊಂಡು ಹೋಗು ಎಂದಳಂತೆ. ಕಡಲು ಕಂಡರೆ ಅವಳಿಗೆ ಸಂಕಟವಾದೀತು ಎಂದು ಇವನು ಎರಡು ವರ್ಷ ಆ ಮಾತೇ ಎತ್ತಿರಲಿಲ್ಲ. ಅವಳನ್ನು ಒಂದು ಮಾತು ಕೇಳಿಯೂ ಇರಲಿಲ್ಲ. ಇಳಿತ ದೊಡ್ಡದಿದ್ದ ದಿನ ದೋಣಿಯವರಿಬ್ಬರನ್ನು ಕರೆದು ಕುರ್ಚಿಯ ಸಮೇತ ಹೊತ್ತು ಬಂಡೆಯ ಮೇಲೆ ಕೂರಿಸಿದರು. ಅವಳು ಇರುವ ಒಂದು ಪಾದವನ್ನು ನೀರಿಗೆ ಬಿಟ್ಟು, ಚಿಪ್ಪಿ ಕೀಳುತ್ತಿದ್ದ ಹೆಂಗಸರಿಗೆ ಹಾಗಲ್ಲ ಹೀಗೆ ಎಂದು ಸಂಜೆಯವರೆಗೆ ಬೈದಳಂತೆ.

ಅದನ್ನು ಕೇಳಿ ನನಗೂ ಒಂದು ಆಸೆ ಹುಟ್ಟಿತು. ಆದರೆ ತೊಟ್ಟಿಯಲ್ಲಿ ಬೆಳೆದ ಮೀನನ್ನು ಮತ್ತೆ ಕಡಲಿಗೆ ಬಿಡಬಾರದು, ಇಲ್ಲಿಯ ರೋಗ ಅಲ್ಲಿಗೂ ಹೋಗುತ್ತದೆ ಎಂದು ಮೇಡಮ್ಮ ಹುಡುಗರಿಗೆ ಹೇಳುತ್ತಿರುತ್ತಾರೆ. ಸರಿಯಾದ ಮಾತೇ. ಒಮ್ಮೆ ತಪ್ಪಾಗಿ ಆರಿಸಿದ್ದನ್ನು ಎಲ್ಲ ಸಲವೂ ಮೊದಲಿದ್ದ ಕಡೆಗೆ ಮರಳಿಸಲು ಬರುವುದಿಲ್ಲ.

ಆರು ಮಳೆಗಾಲ ಕಳೆದವು. ಜಟ್ಟಪ್ಪನಿಗೆ ಕೆಲಸದಿಂದ ನಿವೃತ್ತಿಯಾಯಿತು. ಅಕ್ಕ ಹೇಗಿದ್ದಾಳೆ ಎಂದು ಹೇಳುವವರು ಈಗ ಯಾರೂ ಇಲ್ಲ. ನನ್ನ ಎಡಗಣ್ಣಿಗೆ ಪೊರೆ ಬಂದಿದೆ. ಹಿಂದಿನ ಗೋಡೆಯ ನೆರಳಿನಲ್ಲಿ ಪಾಚಿ ಬೇಕಾದಷ್ಟು ಬೆಳೆಯುತ್ತದೆ. ನಿಧಾನವಾಗಿ ಮೇಯುತ್ತೇನೆ. ಹೊಟ್ಟೆ ತುಂಬಿದ ಮೇಲೆ ಆ ಹಸಿರು ಹೂವುಗಳು ಒಂದೊಂದಾಗಿ ಕಣ್ಣಿಗೆ ಕಟ್ಟುತ್ತವೆ, ಅವುಗಳನ್ನು ಎಣಿಸುತ್ತ ಕೂತ ಹೆಂಗಸೂ. ಹಸಿದಿದ್ದಾಗ ಅವು ನನಗೆ ಹೂವಾಗಿ ಕಂಡಿರಲಿಲ್ಲ.