ಎರಡು ಬೀಗದ ಬಾವಿ

ನಾವು ಬಂದು ನೆಲೆಸಿದ ಈ ಪರದೇಶದ ಊರಲ್ಲಿ, ಈಸ್ಟ್‌ಗೇಟ್ ಬಡಾವಣೆ ದಾಟಿ ಬೆಟ್ಟ ಹತ್ತಿದರೆ ನಮ್ಮ ಮನೆಗಳು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಇರುವುದು ಒಂದೇ ತೋಡುಬಾವಿ. ಹೋದ ಬೇಸಿಗೆಯಲ್ಲಿ ನೀರಿಗಾಗಿ ಎರಡೂ ಸಾಲಿನವರು ಬೈದಾಡಿ, ವಕೀಲರ ತನಕ ಹೋಗಿ, ಕೊನೆಗೆ ರಾಜಿಯಾದೆವು. ಬಾವಿಯನ್ನೂ ಪಂಪನ್ನೂ ಒಳಗಿಟ್ಟು ಕಟ್ಟಿದ ಬಾವಿಮನೆಗೆ ಎರಡು ಬೀಗ ಹಾಕಿದೆವು. ಮೇಲಿನವರ ಕೀ ನನ್ನ ಹತ್ತಿರ, ಕೆಳಗಿನವರದು ಪ್ರತಿಭಾಳ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ನೀರು ಇಳಿದರೆ ಯಾರೂ ಹುಲ್ಲಿಗೆ ಬಿಡಬಾರದು ಎಂದೂ ಒಪ್ಪಿದೆವು.

ಹೋದ ವಾರ ಪ್ರತಿಭಾ ಬಂದು, ನೀರು ಇಳಿದಿದೆ, ಸ್ಪ್ರಿಂಕ್ಲರ್ ನಿಲ್ಲಿಸಿ ಎಂದಳು. ನನ್ನ ಮಗಳು ಯಾಮಿನಿಯ ಸೀಮಂತಕ್ಕೆ ಜನ ಬರುವಾಗ ಅಂಗಳ ಒಣಗಿರಬೇಕೇ? ಫ್ರೀಮಾಂಟಿನ ಆಫೀಸಿನಲ್ಲಿ ಕೂತು ಬಾವಿಯ ನೀರಿನ ಮಟ್ಟವನ್ನು ಫೋನಿನಲ್ಲಿ ನೋಡುವವರ ಮಾತು ನಂಬುವುದಿಲ್ಲ ಎಂದು ಕೂಗಾಡಿದೆ. ಅವಳು ಹೊರಟುಹೋದಳು.

ಸೀಮಂತದ ಬೆಳಿಗ್ಗೆ ನನ್ನ ತಾಯಿ ವೆಂಕಟಮ್ಮ, ಬಾವಿಯಿಂದಲೇ ಐದು ಬಿಂದಿಗೆ ಗಂಗೆ ತರಬೇಕೆಂದು ಹಟ ಹಿಡಿದರು. ನಲ್ಲಿಯಲ್ಲಿ ಬರುವುದೂ ಅದೇ ನೀರು ಎಂದೆ.

"ಹಂಗಾದ್ರೆ ನಲ್ಲಿಗೇ ಅರಿಶಿನ ಕುಂಕುಮ ಇಕ್ಕಲಾ?"

ಪ್ರತಿಭಾಳ ಬಾಗಿಲು ತಟ್ಟಲು ನನಗೆ ಮನಸ್ಸಿರಲಿಲ್ಲ. ಕೆಂಟ್ ಊರಿನ ನನ್ನ ವರ್ಕ್‌ಶಾಪಿನ, ಕಬ್ಬಿಣ ಕತ್ತರಿಸುವ ಕಟರ್ ಕಾರಿನಲ್ಲಿತ್ತು. ಅದನ್ನು ಹಿಡಿದು ನಡೆದೆ. ಅವ್ವ ಬಿಂದಿಗೆ ಹಿಡಿದು ಹಿಂದೆ ಬಂದರು. ಪ್ರತಿಭಾಳ ಬೀಗಕ್ಕೆ ಕಟರ್ ಇಟ್ಟಾಗಲೇ ನಾನೇನು ಮಾಡಹೊರಟಿದ್ದೇನೆಂದು ಅವರಿಗೆ ಗೊತ್ತಾದದ್ದು.

"ಕದ್ದ ನೀರಲ್ಲಿ ಬಸುರಿ ಹೆಣ್ಣಿಗೆ ಆರತಿ ಮಾಡ್ತೀಯೇನೋ? ಎಲ್ಲಿ ಆ ಹೆಣ್ಮಗಳ ಮನೆ, ತೋರ್ಸು."

ತೋರಿಸಿದೆ. ಅವ್ವನೇ ಒಳಗೆ ಹೋಗಿ ಕುಂಕುಮ ಕೊಟ್ಟು ಅವಳನ್ನು ಗಂಗೆಪೂಜೆಗೆ ಕರೆದರು. ಪ್ರತಿಭಾ ಕೀ ಹಿಡಿದು ಹೊರಗೆ ಬಂದಳು. ನನ್ನ ಕೈಯಲ್ಲಿದ್ದ ಕಟರ್ ನೋಡಿದಳು.

"ಅಂಕಲ್, ಅದನ್ನ ಕಾರಲ್ಲಿ ಇಟ್ಟು ಬರ್ತೀರಾ?"

ಇಟ್ಟು ಬಂದೆ.

ಎರಡೂ ಬೀಗ ತೆಗೆದೆವು. ಅವ್ವ ಕಟ್ಟೆಗೆ ಅರಿಶಿನ ಹಚ್ಚಿ, ಮುಚ್ಚಳ ಸರಿಸಿ, ಅಲ್ಲೇ ಇದ್ದ ಹಗ್ಗಕ್ಕೆ ಬಿಂದಿಗೆ ಕಟ್ಟಿ ಇಳಿಬಿಟ್ಟರು. ಹಗ್ಗ ಮುಗಿಯಿತು. ಬಿಂದಿಗೆ ನೀರು ಮುಟ್ಟಲಿಲ್ಲ. ರಾಜಿಯಾದ ದಿನ ಇದೇ ಹಗ್ಗದಲ್ಲಿ ನಾನೇ ನೀರು ಸೇದಿದ್ದೆ. ಅಂದು ಅರ್ಧ ಹಗ್ಗ ಕೈಯಲ್ಲೇ ಉಳಿದಿತ್ತು.

ಪ್ರತಿಭಾ ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಮೇಲೆ ನಮ್ಮ ಅಂಗಳದಲ್ಲಿ ಸ್ಪ್ರಿಂಕ್ಲರ್ ಚಿಮ್ಮುವ ಸದ್ದು ಮೂವರಿಗೂ ಕೇಳುತ್ತಿತ್ತು.

ಹತ್ತಿಹೋಗಿ ಅದನ್ನು ನಿಲ್ಲಿಸಿದೆ. ಬರುವಾಗ ಕಾರಿನಿಂದ ಇನ್ನೊಂದು ಹಗ್ಗ ತಂದು ಗಂಟು ಹಾಕಿದೆ. ಪ್ರತಿಭಾ ಒಂದು ಕೈ ಹಾಕಿದಳು. ಇಬ್ಬರೂ ಸೇದಿದೆವು.

ಅವ್ವ ಎರಡನೆಯ ಬಿಂದಿಗೆ ಮುಂದಿಟ್ಟರು. ಈ ಸಲ ಒಂದೇ ಸಾಕು ಎಂದು ನಾನೇ ಹೇಳಿದೆ.