ಸಮುದ್ರ ಒಣಗಲಿಲ್ಲ

ಲೋಕದ ಗಮನಕ್ಕೆ ತರಬೇಕಾದ ಘನವಾದ ಸಂಗತಿಯೊಂದಿದೆ: ನೀಲಿ ಇನ್ನೂ ಒಣಗಿಲ್ಲ — ರೈಲು ಅನಕಾಪಲ್ಲಿ ದಾಟುತ್ತಿದೆ, ಕಿಟಕಿಯಲ್ಲಿ ಬೆಲ್ಲದ ವಾಸನೆ, ತೊಡೆಯ ಮೇಲೆ ಮೂರಡಿ ಕ್ಯಾನ್ವಾಸು, ಅದರ ಸಮುದ್ರದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಗುರುತು, ಬೆಳಿಗ್ಗೆ ಮುಟ್ಟಿ ನೋಡಿದ್ದು, ಹನ್ನೊಂದು ದಿನವಾಯಿತು, ವಿಶಾಖಪಟ್ಟಣದ ತೇವದ ಗಾಳಿಯೇ ಕಾರಣ, ಗಾಳಿಯೇ, ವಿಜಯವಾಡದ ಬಿಸಿಲು ಸುಮ್ಮನೆ ಹೆಸರು ಮಾಡಿದೆಯೇ, ಸಂಜೆಯೊಳಗೆ ಒಣಗುತ್ತದೆ, ಅಲ್ಲಿನ ಹೊಸ ಆಸ್ಪತ್ರೆಯ ಮ್ಯಾನೇಜರ್ ಶೇಷಗಿರಿ ಫೋನಿನಲ್ಲಿ, ನೋಡಮ್ಮ ಪ್ರತೀಕ್ಷಾ, ನಮ್ಮ ಕಡೆ ಹುಡುಗಿ ಅಂತ ಡಾಕ್ಟರನ್ನ ಒಪ್ಪಿಸಿದೀನಿ, ನಾಳೆ ಉದ್ಘಾಟನೆ, ನನ್ನ ಮರ್ಯಾದೆ ಉಳಿಸು — ಡಾಕ್ಟರು ಇದನ್ನು ಇಟ್ಟುಕೊಂಡರೆ ಮಹಡಿಗೊಂದರಂತೆ ಇನ್ನೂ ನಾಲ್ಕು, ಒಂದು ವರ್ಷ ಚಿತ್ರ ಬರೆದುಕೊಂಡಿರಬಹುದು, ಬೇಡವೆಂದರೆ ಸೋಮವಾರದಿಂದ ಋಷಿಕೊಂಡದ ಗುಡ್ಡದ ಮೇಲೆ ಕಾಲ್ ಸೆಂಟರ್, ಅದೇ ಗುಡ್ಡ, ಫೆಬ್ರವರಿಯಲ್ಲಿ ಅನಿಮೇಷನ್ ಕಂಪನಿ ನಮಗೆಲ್ಲ ಸಮೋಸ ಕೊಟ್ಟು ಮನೆಗೆ ಕಳಿಸಿದ್ದು, ಅಮೆರಿಕದಲ್ಲಿ ಬ್ಯಾಂಕು ಮುಳುಗಿತಂತೆ, ಆದ್ದರಿಂದ ನಾನು ಆನೆಮರಿಗೆ ಬಾಲ ಬರೆಯುವುದನ್ನು ನಿಲ್ಲಿಸಬೇಕಂತೆ — ಏಮ್ಮಾ, ಪಕೋಡಿ ವಾಸನ ವಸ್ತೋಂದಿ, ಎದುರಿಗೆ ಕೂತ ಲಕ್ಷ್ಮೀಕಾಂತಮ್ಮ, ಏಲೂರಿಗೆ ಮಗಳ ಮನೆಗೆ ಹೊರಟವರು, ಹತ್ತಿದ ಕ್ಷಣದಿಂದ ಮೂಗರಳಿಸುತ್ತಿದ್ದಾರೆ, ಪಕೋಡಿ ಅಲ್ಲ ಆಂಟೀ, ಪೇಂಟಿಂಗ್ ಅಂದೆ, ಬಗ್ಗಿ ಮೂಸಿದರು, ಕಡಲೆಕಾಯಿ ಎಣ್ಣೆ ಕದಾ —

ಹೌದು, ಲಿನ್‌ಸೀಡ್ ಎಣ್ಣೆ, ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ, ಚಿತ್ರದ ಆಕಾಶಕ್ಕೇ ಮುಗಿದಿತ್ತು, ಹೊಸ ಬಾಟಲಿಗೆ ಕಾಸಿರಲಿಲ್ಲ, ಅಮ್ಮ ಅಡುಗೆಮನೆಯಿಂದ, ಎಣ್ಣೆ ಎಣ್ಣೇನೇ ಅಲ್ವೇನೇ, ಗಾಣದ್ದು, ಹಾಕ್ಕೋ, ಹಾಕಿಕೊಂಡೆ, ಎದುರಿನ ಲಕ್ಷ್ಮೀಕಾಂತಮ್ಮ, ನಮ್ಮ ಒಲೆ ಹಿಂದಿನ ಗೋಡೆಗೆ ಸಿಡಿದದ್ದು ಆರು ವರ್ಷದಿಂದ ಜಿಗುಟಮ್ಮಾ, ಅದು ಆರದು, ಎಂದರು, ಏನೋ ಸಮಾಧಾನ ಹೇಳುವವರಂತೆ, ಆಕಾಶ ಮೂರೇ ದಿನಕ್ಕೆ ಒಣಗಿತ್ತಲ್ಲ, ಅದೇ ಕೋಣೆ, ಅದೇ ಗಾಳಿ, ಇಳಿದು ವಾಪಸು ಹೋಗಲೇ, ರೈಲು ಗೋದಾವರಿಯ ಮೇಲಿದೆ, ಅವರು ನಾಣ್ಯ ಎಸೆದು ಕೈಮುಗಿದರು, ನೀ ಬೊಮ್ಮ ಕೋಸಮಮ್ಮಾ, ನನ್ನ ಚಿತ್ರಕ್ಕಾಗಿಯಂತೆ, ನದಿಗೆ ಎಣ್ಣೆಯ ವಿಷಯ ಏನು ಗೊತ್ತು, ಮುಟ್ಟಬೇಡಿ ಸಾರ್, ಚಿತ್ರವನ್ನು ಕಣ್ಣಿಂದ ನೋಡಬೇಕು, ಏಲೂರಿನಿಂದ ಆಚೆಗೆ ಡಾಕ್ಟರಿಗೆ ಹೇಳಲು ಇದೊಂದೇ ಬಾಯಿಪಾಠ, ಮುಟ್ಟಬೇಡಿ ಸಾರ್, ಸ್ವಲ್ಪ ನಗಬೇಕು, ವಿಜಯವಾಡದಲ್ಲಿ ಆಟೋದಿಂದ ದುರ್ಗಮ್ಮನ ಗುಡ್ಡ ಇಂದ್ರಕೀಲಾದ್ರಿ ಕಂಡಿತು, ಕೈಮುಗಿಯಲು ಕೈ ಬಿಡುವಿಲ್ಲ, ಆಸ್ಪತ್ರೆಯ ಹೊಸ ಗೋಡೆಯಲ್ಲಿ ಮೊಳೆ ಸಿದ್ಧ, ಶೇಷಗಿರಿ ಬೀಗುತ್ತ, ಹೇಗಿದೆ ಸಾರ್ ನಮ್ಮ ಹುಡುಗಿ ಕೈಚಳಕ, ಡಾಕ್ಟರು ಹತ್ತಿರ ಬಂದರು, ಚೆನ್ನಾಗಿದೆ, ಅಲೆ ಕೈಗೆ ತಾಕುವ ಹಾಗಿದೆ, ಮುಟ್ಟಬೇಡಿ ಎನ್ನಲು ಬಾಯಿ ತೆರೆದೆ, ಬಿಳಿ ಕೋಟಿನ ತೋಳಿನಿಂದ ಹೆಬ್ಬೆರಳು ಹೊರಬಂತು, ನನ್ನ ಗುರುತಿನ ಪಕ್ಕದಲ್ಲೇ, ಹೆಬ್ಬೆರಳು, ನೀಲಿ ಹೆಬ್ಬೆರಳು, ಬಿಳಿ ಕೋಟು, ನೀಲಿ ಹೆಬ್ಬೆರಳು —

ಸೋಮವಾರ ಕಾಲ್ ಸೆಂಟರಿಗೆ ಸೇರಿದೆ.